ಮುಂದೆ ಮಾಡಿದ ಬಾಗಿಲು

ನಾನು ಒಂದು ಬಾಗಿಲು. ಈಗ ಎಲ್ಲಿ ಕೂರಿಸಿದ್ದಾರೆ ಎಂದು ಹೇಳಲು ನಾಚಿಕೆ. ಅದನ್ನು ಕೊನೆಗೆ ಹೇಳುತ್ತೇನೆ. ಹುಟ್ಟಿನ ವಿಷಯದಲ್ಲಿ ಮಾತ್ರ ನಾನು ಯಾರಿಗೂ ತಲೆ ತಗ್ಗಿಸಬೇಕಾಗಿಲ್ಲ, ಆದ್ದರಿಂದ ಅಲ್ಲಿಂದಲೇ ಶುರುಮಾಡುತ್ತೇನೆ.

ನನ್ನದು ಹೊನ್ನೆ ಮರ. ಬಿಲ್ಲಪಟ್ಟಣದ ಕಾಳಾಚಾರಿ ನನ್ನನ್ನು ಕೊಯ್ದು, ಹತ್ತರಿ ಹೊಡೆದು, ಎಣ್ಣೆ ಕುಡಿಸಿ ಗೋಡೆಗೆ ಒರಗಿಸಿದ. ಆಮೇಲೆ ಬೆರಳಿನ ಗೆಣ್ಣಿನಿಂದ ಎದೆಗೆ ಕುಟ್ಟಿ, ಕಿವಿಗೊಟ್ಟು ಕೇಳಿ, "ಗಟ್ಟಿ ಪಿಂಡ" ಅಂದ. ಅಷ್ಟು ಒಳ್ಳೆಯ ಮಾತನ್ನು ಆಮೇಲೆ ನನ್ನ ಬಗ್ಗೆ ಯಾರೂ ಆಡಲಿಲ್ಲ.

ಮೊದಲು ನಾನು ನಿಂತದ್ದು ಮಂಡಿ ವರ್ತಕ ರುದ್ರಮುನಿಯಪ್ಪನವರ ಮನೆಯ ಮುಂದೆ. ಅಲ್ಲಿ ನನ್ನ ಕೆಲಸ ಒಂದೇ, ಯಾರನ್ನು ಒಳಗೆ ಬಿಡಬೇಕು, ಯಾರನ್ನು ಹಿತ್ತಲ ಕಡೆಗೆ ಕಳಿಸಬೇಕು ಎಂದು ತಿಳಿದಿರುವುದು. ಮೂಟೆ ಹೊರುವ ಹಮಾಲರು ಹಿತ್ತಲಿಗೆ. ಪುರಸಭೆಯವರು ಒಳಕ್ಕೆ. ಯಜಮಾನರು ಮನೆ ಕಂದಾಯ ಕಟ್ಟಿ ಯಾವ ಕಾಲವಾಗಿತ್ತೋ, ಬಿಲ್ ಕಲೆಕ್ಟರ್ ವರ್ಷಕ್ಕೊಂದು ಸಲ ಬಂದು, ಉಪ್ಪಿಟ್ಟು ತಿಂದು, ಕಾಫಿ ಕುಡಿದು, "ನಿಧಾನಕ್ಕೆ ಕಟ್ಟಿ ಯಜಮಾನ್ರೇ, ಎಲ್ಲಿಗೆ ಓಡ್ಹೋಗ್ತೀರಾ" ಎಂದು ನಗುತ್ತಾ ಹೋಗುತ್ತಿದ್ದ. ಹಾಗಾಗಿ ಕಂದಾಯ ಅಂದರೆ ಕಾಫಿ ಕುಡಿಯಲು ಬರುವ ಯಾರೋ ನೆಂಟ ಎಂದೇ ನಾನು ತಿಳಿದಿದ್ದೆ.

ಯಜಮಾನರು ತೀರಿಕೊಂಡ ಮೇಲೆ ಮಕ್ಕಳು ಮನೆ ಕೆಡವಿ ಅಂಗಡಿ ಸಾಲು ಕಟ್ಟಿಸಿದರು. ನಾನು ಹಳೇ ಮರದ ಅಂಗಡಿ ಸೇರಿ, ಮಳೆಗೂ ನಾಯಿಗೂ ಮೈ ಒಡ್ಡಿಕೊಂಡು ಬಿದ್ದಿದ್ದೆ. ಅಲ್ಲಿಂದ ನನ್ನನ್ನು ಕೊಂಡವನು ಹನುಮಂತರಾಯ. ಅದೇ ಮಂಡಿಯ ಹಮಾಲ. ನಾನು ಒಂದು ದಿನವೂ ಒಳಗೆ ಬಿಡದ ಮನುಷ್ಯ ನನ್ನನ್ನು ಬೆನ್ನ ಮೇಲೆ ಹೊತ್ತು, ಊರ ನಡುವೆಯೇ ನಡೆದು, ಗೌಳೇರ ಬೀದಿಯ ತನ್ನ ಮನೆಗೆ ತಂದ. ದಾರಿಯಲ್ಲಿ ಸಿಕ್ಕವರಿಗೆಲ್ಲ "ರುದ್ರಮುನಿಯಪ್ಪನೋರ ಬಾಗ್ಲು ಕಣಪ್ಪ" ಎಂದು ಹೇಳುತ್ತಾ ಬಂದ. ಅವನ ಖುಷಿ ನೋಡಿ ನನಗೂ ಖುಷಿಯಾಯಿತು.

ಆದರೆ ಆ ಮನೆಯ ಚೌಕಟ್ಟು ಗಿಡ್ಡ. ನನ್ನ ಪಾದದ ಕಡೆ ಒಂದು ತುಂಡು ಗರಗಸದಲ್ಲಿ ಕೊಯ್ದು ಹಾಕಿದ. ನೋವಾಯಿತು, ಸುಳ್ಳು ಯಾಕೆ ಹೇಳಲಿ. ಕೊಯ್ದ ತುಂಡನ್ನು ಬಿಸಾಡದೆ ಅದಕ್ಕೆ ಕಾಲು ಬಡಿದು ಮಣೆ ಮಾಡಿದ, ಮಗಳು ಸಣ್ಣೀರಮ್ಮನಿಗೆ ಕೂರಲು.

ಸಣ್ಣೀರಿ ಮೈಯಲ್ಲಿ ಬೆಳೆದ ಹುಡುಗಿ, ಬುದ್ಧಿಯಲ್ಲಿ ಬೆಳೆಯಲಿಲ್ಲ. ಬಾಗಿಲು ತೆರೆದಿದ್ದರೆ ಎದ್ದು ಹೊರಟುಬಿಡುತ್ತಿದ್ದಳು, ಎಲ್ಲಿಗೆ ಎಂದು ಅವಳಿಗೇ ಗೊತ್ತಿರಲಿಲ್ಲ. ಒಮ್ಮೆ ಸಂತೆಮಾಳದಲ್ಲಿ ಸಿಕ್ಕಳು, ಇನ್ನೊಮ್ಮೆ ಯಾವುದೋ ಲಾರಿಯವರು ಮಾತಾಡಿಸುತ್ತಿರುವಾಗ ಅವಳವ್ವ ಹೋಗಿ ಕಿತ್ತುಕೊಂಡು ಬಂದಳು. ನಾನು ಆ ಮನೆಗೆ ಬಂದದ್ದೇ ಅದಕ್ಕಾಗಿ. ಮೊದಲಿದ್ದ ತಗಡಿನ ಬಾಗಿಲನ್ನು ಅವಳು ತಳ್ಳಿಕೊಂಡು ಹೋಗುತ್ತಿದ್ದಳಂತೆ.

ಅವಳವ್ವನ ಹೆಸರು ಗಂಗಹನುಮಕ್ಕ. ಕಡಲೆಕಾಯಿ, ಹುರಿಗಾಳು ಹುರಿದು ಬಸ್‌ಸ್ಟ್ಯಾಂಡಿನಲ್ಲಿ ಮಾರುತ್ತಿದ್ದಳು. ಬೆಳಿಗ್ಗೆ ಬುಟ್ಟಿ ಹೊತ್ತು ಹೊಸ್ತಿಲು ದಾಟುವಾಗ ದಿನವೂ ಒಂದೇ ಮಾತು, "ಬಾಗ್ಲು ಮುಂದೆ ಮಾಡ್ಕೊ ಮಗಾ." ಆ ಮನೆಯಲ್ಲಿ ಬಾಗಿಲು ಮುಚ್ಚು ಎಂದು ಯಾರೂ ಅನ್ನುತ್ತಿರಲಿಲ್ಲ. ಮುಚ್ಚುವುದು ಕೆಟ್ಟ ಮಾತು, ವಂಶ ನಿಂತ ಮನೆಗೆ ಹೇಳುವ ಮಾತು. ಸಣ್ಣೀರಿ ಎರಡು ಅಂಗೈ ನನ್ನ ಮೇಲಿಟ್ಟು ತಳ್ಳಿ, "ಮುಂದೆ ಮಾಡ್ದೆ ಅವ್ವಾ" ಎಂದು ಒಳಗಿನಿಂದ ಕೂಗುತ್ತಿದ್ದಳು. ಅವ್ವ ಹೊರಗೆ ಚಿಲಕ ಹಾಕಿ ಹೋಗುತ್ತಿದ್ದಳು. ಆಮೇಲೆ ಸಂಜೆಯವರೆಗೆ ಸಣ್ಣೀರಿ ನನಗೆ ಬೆನ್ನು ಕೊಟ್ಟು ಮಣೆಯ ಮೇಲೆ ಕೂತು, ತನ್ನಷ್ಟಕ್ಕೆ ಏನೋ ಹಾಡಿಕೊಳ್ಳುವಳು. ಅವಳ ಅಂಗೈ ತಾಗಿ ತಾಗಿ ನನ್ನ ಎದೆಯಲ್ಲಿ ಎರಡು ಜಾಗ ನುಣುಪಾದವು. ಅವಳು ಕೊಟ್ಟ ಅಲಂಕಾರ ಅಷ್ಟೆ. ಅವಳೆಂದರೆ ನನಗೆ ಪ್ರಾಣ.

ಹನುಮಂತರಾಯ ಒಂದು ದಿನ ಮಂಡಿಯಲ್ಲಿ ಎದೆ ಹಿಡಿದು ಕೂತವನು ಏಳಲಿಲ್ಲ. ಮನೆಯ ಖಾತೆ ಅವನ ಅಪ್ಪನ ಹೆಸರಿನಲ್ಲೇ ಇತ್ತು. ಕಂದಾಯ ಎಂಬುದು ಒಂದಿದೆ, ಅದಕ್ಕೆ ಬಡ್ಡಿ ಬೆಳೆಯುತ್ತದೆ ಎಂದು ಗಂಗಹನುಮಕ್ಕನಿಗೆ ಹೇಳಿದವರೇ ಇರಲಿಲ್ಲ. ಹೇಳಲು ಬಂದದ್ದು ಓಂಕಾರಪ್ಪ.

ಓಂಕಾರಪ್ಪ ಹೊಸ ಬಿಲ್ ಕಲೆಕ್ಟರ್. ಮಾರ್ಚಿ ತಿಂಗಳು. ಬಾಕಿ ವಸೂಲಿಗೆ ಮೇಲಿನವರು ಅವನ ಬೆನ್ನು ಹತ್ತಿದ್ದರು. ದೊಡ್ಡ ಬೀದಿಯಲ್ಲಿ ಅವನಿಗೂ ಕಾಫಿ ಸಿಗುತ್ತಿತ್ತು, ಹಾಗಾಗಿ ಅವನ ವಸೂಲಿ ಗೌಳೇರ ಬೀದಿಯಲ್ಲಿ ಶುರುವಾಯಿತು. ಮೊದಲು ನನ್ನ ಮೇಲೆ ನೋಟಿಸು ಅಂಟಿಸಿದ. ಆಮೇಲೆ ತಮಟೆಯವರನ್ನು ಕರೆತಂದು ಮನೆ ಮುಂದೆ ಬಾರಿಸಿದ. ಬಾಕಿದಾರರ ಮಾನ ಹೋದರೆ ದುಡ್ಡು ತಾನಾಗಿ ಬರುತ್ತದೆ ಎಂಬ ಲೆಕ್ಕ. ಆದರೆ ತಮಟೆ ಕೇಳಿ ಸಣ್ಣೀರಿ ಹಬ್ಬ ಬಂತೆಂದು ಅವ್ವನ ಕೈ ಕೊಸರಿಕೊಂಡು ಬೀದಿಗೆ ಓಡಿದಳು. ಸೆರಗು ಜಾರಿದ್ದೂ ತಿಳಿಯದೆ ಚಪ್ಪಾಳೆ ತಟ್ಟಿ ಕುಣಿದಳು. ಬೀದಿಯವರು ನಕ್ಕರು. ತಮಟೆ ಬಾರಿಸುವವನು ಕೈ ನಿಲ್ಲಿಸಿದ. ಓಂಕಾರಪ್ಪ, "ನಿಲ್ಲಿಸ್ಬೇಡ, ಕುಣೀಲಿ ಬಿಡು" ಅಂದ. ಗಂಗಹನುಮಕ್ಕ ಮಗಳನ್ನು ತಬ್ಬಿ ಒಳಗೆ ಎಳೆದು ನನ್ನನ್ನು ಹಾಕಿಕೊಂಡಳು. ನನಗೆ ಹಣೆ ಒತ್ತಿ ಅತ್ತಳು.

ಅವತ್ತೇ ಎದುರು ಮನೆಯ ಗಡಿಯಾರ ರಿಪೇರಿಯ ಪಾಲಾಕ್ಷಣ್ಣ ಬಂದು ಮೆಲ್ಲಗೆ ಹೇಳಿದ.

"ಜಪ್ತಿಗೆ ಬತ್ತಾರೆ ಅಕ್ಕಾ. ಏನಾದ್ರೂ ಆಗ್ಲಿ, ಬಾಗ್ಲು ಮಾತ್ರ ತೆಗೀಬ್ಯಾಡ. ಹಾಕಿದ್ ಬಾಗ್ಲು ಒಡ್ದು ಒಳಕ್ ಬರೋಂಗಿಲ್ಲ ಅವ್ರು. ನೀನಾಗಿ ತೆಗುದ್ರೆ ಮುಗೀತು."

ಆ ಮಾತು ಕೇಳಿ ನನ್ನ ಎದೆ ಉಬ್ಬಿತು. ರುದ್ರಮುನಿಯಪ್ಪನವರ ಮನೆಯಲ್ಲಿ ಬಡವರನ್ನು ತಡೆದದ್ದಾಯಿತು, ಈಗ ಪುರಸಭೆಯನ್ನೇ ತಡೆಯುವೆ. ಓಂಕಾರಪ್ಪ ಬಂದ, ಕೂಗಿದ, ಬಡಿದ. ನಾನು ಅಲ್ಲಾಡಲಿಲ್ಲ. ಮತ್ತೆ ಬಂದ, ಒದ್ದ. ಅವನ ಕಾಲಿಗೇ ನೋವಾಯಿತು. ಒಳಗೆ ಅವ್ವ ಮಗಳು ಉಸಿರು ಬಿಗಿಹಿಡಿದು ಕೂತಿರುತ್ತಿದ್ದರು.

ಕೊನೆಗೊಂದು ದಿನ, ಶನಿವಾರ ಸುಡುಬಿಸಿಲಿನಲ್ಲಿ, ಅವನು ಬಡಿಯಲಿಲ್ಲ. ಜಗಲಿಯ ಮೇಲೆ ಕೂತು ಉಸ್ಸೆಂದ.

"ಅಕ್ಕಾ, ಜಪ್ತಿಗಿಪ್ತಿಗೆ ಬಂದಿಲ್ಲ ನಾನು. ಬಿಸಿಲಲ್ಲಿ ತಲೆ ತಿರುಗ್ತಾ ಐತೆ. ಒಂದು ಲೋಟ ನೀರು ಕೊಡು, ಕುಡ್ಕೊಂಡು ಹೋಗ್ತೀನಿ."

ಸ್ವಲ್ಪ ಹೊತ್ತು ಬಿಟ್ಟು ಅವನು ಇನ್ನೂ ಮೆತ್ತಗೆ, "ನೀರು ಅಕ್ಕಾ" ಅಂದ.

ಗಂಗಹನುಮಕ್ಕ ನನ್ನ ಹತ್ತಿರ ಬಂದಳು, ಹಿಂದೆ ಹೋದಳು, ಮತ್ತೆ ಬಂದಳು. ತೆಗೆಯಬೇಡ ತಾಯಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಕಂದಾಯ ಕೇಳಿದವನಿಗೆ ಅವಳು ಎಷ್ಟು ದಿನ ಬೇಕಾದರೂ ಬಾಗಿಲು ಹಾಕಿಕೊಂಡು ಕೂರಬಲ್ಲವಳು. ನೀರು ಕೇಳಿದವನಿಗೆ ಕೂರಲಾರಳು. ತಂಬಿಗೆ ತುಂಬಿದಳು. ಬರಿ ನೀರು ಕೊಡಬಾರದೆಂದು ಒಂದು ಚೂರು ಬೆಲ್ಲವನ್ನೂ ಹುಡುಕಿದಳು. ಚಿಲಕ ತೆಗೆದಳು.

ಅವನು ಬೆಲ್ಲ ತಿಂದ. ತಂಬಿಗೆ ಪೂರ್ತಿ ಎತ್ತಿ ಕುಡಿದ. ತಂಬಿಗೆಯನ್ನು ಅವಳ ಕೈಗೆ ಕೊಟ್ಟು, ಬಾಯಿ ಒರೆಸಿಕೊಂಡು, ಬಲಗಾಲು ಹೊಸ್ತಿಲಿನ ಒಳಗಿಟ್ಟ. ಬೀದಿಯ ತಿರುವಿನಲ್ಲಿ ನಿಂತಿದ್ದ ಟ್ರ್ಯಾಕ್ಟರಿಗೆ ಕೈಬೀಸಿದ.

"ಕುಡ್ದ ನೀರು ಇನ್ನೂ ಹೊಟ್ಟೆಗಿಳಿದಿಲ್ವಲ್ಲ ಸ್ವಾಮಿ" ಅಂದಳು ಗಂಗಹನುಮಕ್ಕ.

"ನೀರು ಬೇರೆ, ಕಂದಾಯ ಬೇರೆ ಕಣಕ್ಕ."

ಒಳಗೆ ಜಪ್ತಿ ಮಾಡಲು ಏನಿತ್ತು? ಒಂದು ಬಾಂಡಲಿ, ಎರಡು ಚಾಪೆ, ಸೊಟ್ಟಗಾದ ಪಾತ್ರೆಗಳು. ಆಳುಗಳು ಮುಖ ಮುಖ ನೋಡಿಕೊಂಡರು. ಬರಿಗೈಯಲ್ಲಿ ಹೋದರೆ ಓಂಕಾರಪ್ಪನಿಗೆ ಅವಮಾನ. ಹೊರಡುವಾಗ ಅವನ ಕಣ್ಣು ನನ್ನ ಮೇಲೆ ಬಿತ್ತು. ಬೆರಳಿನ ಗೆಣ್ಣಿನಿಂದ ನನ್ನ ಎದೆಗೆ ಕುಟ್ಟಿದ, ಥೇಟ್ ಕಾಳಾಚಾರಿಯ ಹಾಗೆ.

"ಹೊನ್ನೆ ಕಣ್ರೋ. ಇದನ್ನೇ ಇಳಿಸ್ರಿ."

ಗಂಗಹನುಮಕ್ಕ ನನ್ನನ್ನು ಅಪ್ಪಿಕೊಂಡಳು. "ಪಾತ್ರೆಪಗಡೆ ಎಲ್ಲಾ ತಗೊಂಡೋಗಿ ಸ್ವಾಮಿ. ಬಾಗ್ಲು ಬ್ಯಾಡ. ನಾನು ಯಾಪಾರಕ್ಕೆ ಹೋದ್ರೆ ಇದನ್ನ ನಂಬ್ಕಂಡೇ ಹೋಗೋದು. ಹುಡುಗಿಗೆ ತಿಳಿವಳ್ಕೆ ಇಲ್ಲ, ಎದ್ದು ಹೊಂಟೋಯ್ತಳೆ."

"ಕಟ್ಟಿಹಾಕು" ಅಂದ ಓಂಕಾರಪ್ಪ.

ಕೀಲು ಬಿಚ್ಚಿದರು. ಟ್ರ್ಯಾಕ್ಟರಿನಲ್ಲಿ ನನ್ನನ್ನು ಮಲಗಿಸಿದರು. ಸಣ್ಣೀರಿಗೆ ಇದೆಲ್ಲ ಆಟ. ಮಣೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಬೀದಿಯ ಕೊನೆಯವರೆಗೂ ಹಿಂದೆ ಓಡಿಬಂದು ನನಗೆ ಟಾಟಾ ಮಾಡಿದಳು.

ನನ್ನನ್ನು ಪುರಸಭೆಯ ಗೋದಾಮಿನಲ್ಲಿ, ಮುರಿದ ತಳ್ಳುಗಾಡಿಗಳ ನಡುವೆ ಎಸೆದರು. ಮಾರನೆಯ ದಿನ ಮಧ್ಯಾಹ್ನ ಗೇಟಿನ ಹೊರಗೆ ಒಂದು ದನಿ ಕೇಳಿಸಿತು. ಸಾವಿರ ದನಿಗಳ ನಡುವೆಯೂ ಅದನ್ನು ನಾನು ಗುರುತಿಸಬಲ್ಲೆ.

"ಬಾಗ್ಲು ಕೊಡಿ."

"ಯಾವ ಬಾಗ್ಲಮ್ಮಾ?" ಕಾವಲುಗಾರ ಕೇಳಿದ.

"ನಮ್ದು. ಮುಂದೆ ಮಾಡ್ಬೇಕು. ಅವ್ವ ಬೈತಾಳೆ."

ಕಾವಲುಗಾರ ನಕ್ಕ. "ಇವತ್ತು ಭಾನ್ವಾರ, ರಜ. ಸಾಹೇಬ್ರಿಲ್ಲ. ನಾಳೆ ಬಾ ಹೋಗು."

ಗೇಟಿನ ಮೇಲೆ ಎರಡು ಅಂಗೈ ಇಟ್ಟು ತಳ್ಳಿದ ಸದ್ದಾಯಿತು. ಕಾವಲುಗಾರ ಗದರಿದ. ಹೆಜ್ಜೆ ಸದ್ದು ದೂರವಾಯಿತು. ನಾನಿಲ್ಲೇ ಇದ್ದೇನೆ ಮಗಳೇ ಎನ್ನಲು ನನಗೆ ಬಾಯಿಲ್ಲ. ತಳ್ಳುಗಾಡಿಗಳ ಕೆಳಗೆ ಮಕಾಡೆ ಬಿದ್ದಿದ್ದೆ.

ಮುಂದಿನದನ್ನು ನಾನು ಕಂಡಿಲ್ಲ. ಕಾವಲುಗಾರನ ಕುತ್ತಿಗೆಪಟ್ಟಿ ಹಿಡಿಯಲು ಬಂದ ಪಾಲಾಕ್ಷಣ್ಣ ಕೂಗಾಡಿದ್ದರಿಂದ ತಿಳಿಯಿತು. ಬೆಳಿಗ್ಗೆ ಗಂಗಹನುಮಕ್ಕ ಚೌಕಟ್ಟಿಗೆ ಹಳೇ ಸೀರೆ ಕಟ್ಟಿ, ಹುಡುಗಿಯ ಮೇಲೆ ಕಣ್ಣಿಟ್ಟಿರಲು ಪಾಲಾಕ್ಷಣ್ಣನ ಹೆಂಡತಿಗೆ ಹೇಳಿ, ಬುಟ್ಟಿ ಹೊತ್ತಳಂತೆ. ಹೋಗದಿದ್ದರೆ ಅವತ್ತಿನ ಊಟಕ್ಕಿಲ್ಲ. ಮಗಳನ್ನು ಕಟ್ಟಿಹಾಕಲು ಮನಸ್ಸು ಬರಲಿಲ್ಲ. ಹೊಸ್ತಿಲು ದಾಟುವಾಗ ಅಭ್ಯಾಸಬಲದಿಂದ ಬಾಯಿಗೆ ಬಂದದ್ದು ಅದೇ ಮಾತು, "ಬಾಗ್ಲು ಮುಂದೆ ಮಾಡ್ಕೊ ಮಗಾ." ಸಣ್ಣೀರಿ ಹೇಳಿದ ಮಾತು ಮೀರುವವಳಲ್ಲ. ಎದುರು ಮನೆಯಾಕೆ ಒಲೆಯ ಮುಂದಿದ್ದಾಗ, ಮಣೆ ಎತ್ತಿಕೊಂಡು, ಮುಂದೆ ಮಾಡಲು ಬಾಗಿಲು ಹುಡುಕಿಕೊಂಡು ಹೊರಟಳು. ಟ್ರ್ಯಾಕ್ಟರು ಹೋದ ದಿಕ್ಕು ಅವಳಿಗೆ ನೆನಪಿತ್ತು. ವಾಪಸು ಹೋಗುವ ದಾರಿ ನೆನಪಿರಲಿಲ್ಲ.

ಗೋದಾಮಿನ ಆಚೆ, ಒಳಚರಂಡಿಗೆಂದು ಪುರಸಭೆಯವರು ಅಗೆದು ಮುಚ್ಚದೆ ಬಿಟ್ಟ ಗುಂಡಿಯಲ್ಲಿ ನೀರು ನಿಂತಿತ್ತು. ಅದರಲ್ಲಿ ಮಣೆ ತೇಲುತ್ತಿತ್ತು. ಅದನ್ನು ನೋಡಿ ಕೆಳಗೆ ಹುಡುಕಿದರು. ಆ ಮಣೆ ನನ್ನದೇ ಮೈ. ಅದು ತೇಲಿತು, ಅವಳು ತೇಲಲಿಲ್ಲ.

ನನ್ನನ್ನು ಹರಾಜಿಗಿಟ್ಟರು. ಕಿತ್ತು ತಂದ ಬಾಗಿಲನ್ನು ಯಾರು ಮನೆಗೆ ಒಯ್ಯುತ್ತಾರೆ? ಒಬ್ಬನೂ ಕೂಗಲಿಲ್ಲ. ಕಡೆಗೆ ಎರಡು ಡ್ರಮ್ಮುಗಳ ಮೇಲೆ ಮಲಗಿಸಿ ಮೇಜು ಮಾಡಿದರು. ಆ ಮೇಜಿನ ಹಿಂದೆ ಕೂತವನು ಓಂಕಾರಪ್ಪ.

ಒಂದು ದಿನ ಗಂಗಹನುಮಕ್ಕ ಬಂದು ಆ ಮೇಜಿನ ಮುಂದೆ ನಿಂತಳು. ಮಗಳ ಸಾವನ್ನು ಬರೆದುಕೊಂಡು ಪತ್ರ ಕೊಡಿ ಎಂದು ಕೇಳಿದಳು. ಓಂಕಾರಪ್ಪ ತಲೆ ಎತ್ತದೆ, "ಮೊದಲು ಮನೆ ಬಾಕಿ ಕಟ್ಟಬೇಕಾಗ್ತದೆ" ಅಂದ. ಅವಳು ಆಚೆ ಹೋಗಿ, ಕಿವಿಯ ಓಲೆ ಮಾರಿ, ವಾಪಸು ಬಂದು ಕಟ್ಟಿದಳು. ದುಡ್ಡಿಡುವಾಗ ಅವಳ ಕೈ ನನ್ನ ಮೇಲೆ ತಾಗಿತು. ಬೆರಳು ಆ ನುಣುಪು ಜಾಗಕ್ಕೆ ಬಂದು ನಿಂತಿತು. ಬಗ್ಗಿ ನೋಡಿದಳು. ತನ್ನ ಎರಡು ಅಂಗೈಯನ್ನೂ ಆ ಎರಡು ಜಾಗದ ಮೇಲೆ ಇಟ್ಟಳು.

ಓಂಕಾರಪ್ಪ ಅವಳನ್ನೂ ನನ್ನನ್ನೂ ನೋಡಿದ. "ಬಾಕಿ ತೀರ್ತಲ್ಲ, ನಿನ್ ಬಾಗ್ಲು ಬೇಕಾದ್ರೆ ತಗೊಂಡೋಗಕ್ಕ" ಅಂದ.

"ನೀವೇ ಮಡೀಕೊಳಿ ಸ್ವಾಮಿ" ಅಂದಳು. "ಮುಂದೆ ಮಾಡೋರು ಯಾರವ್ರೆ? ನಮ್ಮನೆ ಬಾಗ್ಲು ಮುಚ್ಚೋಯ್ತು."

ಆ ಕೆಟ್ಟ ಮಾತನ್ನು ಅವಳ ಬಾಯಲ್ಲಿ ಕೇಳಿದ್ದು ಅದೊಂದೇ ಸಲ. ಮತ್ತೆ ಅವಳನ್ನು ನಾನು ನೋಡಲಿಲ್ಲ.

ಕಚೇರಿಗೆ ಕಬ್ಬಿಣದ ಮೇಜು ಬಂದ ಮೇಲೆ ನನಗೆ ಈಗಿನ ಕೆಲಸ ಸಿಕ್ಕಿತು. ಪುರಸಭೆಯ ಹಿಂದುಗಡೆ ಸಿಬ್ಬಂದಿಯ ಕಕ್ಕಸಿಗೆ ನಾನೇ ಬಾಗಿಲು. ಮತ್ತೊಮ್ಮೆ ನನ್ನ ಪಾದ ಕೊಯ್ದರು. ಆ ತುಂಡಿನಲ್ಲಿ ಯಾರೂ ಮಣೆ ಮಾಡಲಿಲ್ಲ, ನೀರೊಲೆಗೆ ಹಾಕಿದರು. ಒಳಗೆ ಬಂದವರು ದಢಾರನೆ ಮುಚ್ಚುತ್ತಾರೆ, ಮುಚ್ಚು ಎಂದೇ ಹೇಳುತ್ತಾರೆ. ಎದೆಯ ಆ ಎರಡು ನುಣುಪು ಜಾಗಕ್ಕೆ ಯಾರ ಕೈಯೂ ಹೋಗುವುದಿಲ್ಲ.

ಇಲ್ಲಿ ನಲ್ಲಿಯಲ್ಲಿ ನೀರು ಬರುವುದು ಅಪರೂಪ. ಓಂಕಾರಪ್ಪ ದಿನಕ್ಕೊಮ್ಮೆ ನೀರಿಲ್ಲದೆ ಒಳಗೆ ಸಿಕ್ಕಿಹಾಕಿಕೊಳ್ಳುತ್ತಾನೆ. ಮೊದಲು ಗದರುತ್ತಾನೆ. ಆಮೇಲೆ ದನಿ ಮೆತ್ತಗಾಗುತ್ತದೆ. "ಯಾರಾದ್ರೂ ಒಂದು ತಂಬಿಗೆ ನೀರು ಕೊಡ್ರಪ್ಪಾ" ಎನ್ನುತ್ತಾನೆ. ಅದು ಆ ಶನಿವಾರದ ದನಿಯೇ. ಮಳೆಗಾಲಕ್ಕೆ ನನ್ನ ಮೈ ಊದಿಕೊಂಡಿದೆ. ಮನಸ್ಸು ಮಾಡಿದರೆ ಚೌಕಟ್ಟಿಗೆ ಕಚ್ಚಿಕೊಂಡು ನಿಂತುಬಿಡಬಲ್ಲೆ, ಅವನು ಒಳಗೇ ಕೂಗಿಕೊಂಡಿರಲಿ ಎಂದು. ಪ್ರತಿ ಸಲವೂ ಹಾಗೆಂದುಕೊಳ್ಳುತ್ತೇನೆ. ಯಾರೋ ತಂಬಿಗೆ ಹಿಡಿದು ಬರುತ್ತಾರೆ, ಮೆಲ್ಲಗೆ ತಳ್ಳುತ್ತಾರೆ. ನಾನು ತೆರೆದುಕೊಳ್ಳುತ್ತೇನೆ. ನೀರು ಕೇಳಿದವರಿಗೆ ತೆಗೆಯದೆ ನಿಲ್ಲುವುದನ್ನು ಆ ಮನೆಯಲ್ಲಿ ನನಗೆ ಯಾರೂ ಕಲಿಸಲಿಲ್ಲ.