ಗಂಡನ ಗಾಂಜಾ ಗಿಡಕ್ಕೆ ನೀರು ಹಾಕಿದ ಸೆನ್ಯಾ

ನಮ್ಮ ಸುಪೀರಿಯರ್ ಸರೋವರದ ಕಡೆ ಹಿತ್ತಲಲ್ಲಿ ಏನೇ ನೆಟ್ಟರೂ ಮೊದಲು ಬಾಯಿ ಹಾಕುವುದು ಜಿಂಕೆ. ಕೋಸು ಬಿಡುವುದಿಲ್ಲ, ಬಟಾಣಿ ಬಿಡುವುದಿಲ್ಲ. ಹಾಗಾಗಿ ರೈನೊ ಹಕೋಲಾ ತನ್ನ ಔಷಧಿಯ ಗಾಂಜಾ ಗಿಡಗಳನ್ನು ಮನೆಯ ಹಿಂದಿನ ನಾಯಿಗೂಡಿನೊಳಗೆ ನೆಟ್ಟಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ನಾಯಿ ಸತ್ತು ಗೂಡು ಖಾಲಿ ಬಿದ್ದಿತ್ತು. ಸುತ್ತ ಆಳೆತ್ತರದ ತಂತಿಬಲೆ. ಜಿಂಕೆಯನ್ನು ತಡೆಯಲು ಅಷ್ಟು ಸಾಕಿತ್ತು.

ರೈನೊ ಮರದ ದಿಮ್ಮಿ ಸಾಗಿಸುವ ಲಾರಿ ಓಡಿಸುತ್ತಿದ್ದವನು. ನರದ ಕಾಯಿಲೆ ಬಂದ ಮೇಲೆ ಅವನ ಕಾಲುಗಳು ಇದ್ದಕ್ಕಿದ್ದಂತೆ ಸೆಟೆದುಕೊಳ್ಳುತ್ತಿದ್ದವು. ಕುರ್ಚಿಯಿಂದ ಜಾರಿ ಬೀಳುತ್ತಿದ್ದ. ಮಾತ್ರೆ ನುಂಗಿದರೆ ದಿನವಿಡೀ ಮಂಕು. ಗಾಂಜಾ ಸೇದಿದ ದಿನ ಮಾತ್ರ ಕಾಲು ಸಡಿಲವಾಗಿ, ಊಟದ ಮೇಜಿಗೆ ತಾನೇ ನಡೆದು ಬರುತ್ತಿದ್ದ. ಅಮೆರಿಕದ ನಮ್ಮ ಮಿಷಿಗನ್ ರಾಜ್ಯದಲ್ಲಿ ಆಗ ಗಾಂಜಾ ಬೆಳೆಯಲು ಅನುಮತಿಯಿದ್ದದ್ದು ರೋಗಿಗಳಿಗೆ ಮತ್ತು ನೋಂದಣಿಯಾದ ಅವರ ಆರೈಕೆದಾರರಿಗೆ ಮಾತ್ರ. ಡಾಕ್ಟರ ಸಹಿ ಪಡೆದು ರೈನೊ ರೋಗಿಯ ಕಾರ್ಡು ಮಾಡಿಸಿದ್ದ. ಹನ್ನೆರಡು ಗಿಡದವರೆಗೆ ಬೆಳೆಯಬಹುದಿತ್ತು. ಅವನು ನೆಟ್ಟದ್ದು ಒಂಬತ್ತೇ.

ಆ ಬೇಸಿಗೆಯಲ್ಲಿ ಒಂದು ದಿನ ಡೋರಿ ಕಾಫಿಗೆ ಬಂದಳು. ಪಕ್ಕದ ರಸ್ತೆಯವಳು. ಕ್ಯಾನ್ಸರ್ ಚಿಕಿತ್ಸೆಯ ವಾಂತಿ ತಡೆಯಲಾರದೆ ತಾನೂ ಕಾರ್ಡು ಮಾಡಿಸಿ, ನೆಲಮಾಳಿಗೆಯಲ್ಲಿ ಬೆಳೆಯುತ್ತಿದ್ದಳು. ಏಲಕ್ಕಿ ಬ್ರೆಡ್ಡನ್ನು ಕಾಫಿಗೆ ಅದ್ದುತ್ತಾ ಕಿಟಕಿಯಾಚೆ ನೋಡಿದಳು.

"ಏನೋ ರೈನೊ, ಗೂಡಿನ ಬಾಗಿಲಿಗೆ ತಂತಿ ಸುತ್ತಿದೀಯ. ಬೀಗ ಎಲ್ಲೋ?"

"ಯಾಕೆ, ಗಿಡ ಓಡಿಹೋಗತ್ತಾ?"

"ತಮಾಷೆ ಬೇಡ. ಹೊರಗಡೆ ಬೆಳೆಯೋದಾದ್ರೆ ಸುತ್ತ ಬೇಲಿ ಇರ್ಬೇಕು, ಅದು ನೆಲಕ್ಕೆ ಭದ್ರವಾಗಿ ಕೂತಿರ್ಬೇಕು, ಬೀಗ ಇರ್ಬೇಕು. ಪಕ್ಕದ ಜಾಗದಲ್ಲಿ ನಿಂತೋರ ಕಣ್ಣಿಗೆ ಗಿಡ ಬೀಳ್ಬಾರ್ದು. ಅವರ ಮಹಡಿ ಕಿಟಕಿಯಿಂದಾನೂ ಕಾಣ್ಬಾರ್ದು. ನಿನ್ನ ಬಲೆ ಒಳಗಿನ ಎಲೆ ಒಂದೊಂದೂ ನಾನು ಇಲ್ಲೇ ಕೂತು ಎಣಿಸ್ತೀನಿ."

"ಕಾರ್ಡಿದೆಯಲ್ಲೇ ನನ್ಹತ್ರ!"

"ಕಾರ್ಡು ನಿನಗೆ ಕೊಟ್ಟಿರೋದು ಕಣೋ, ತೆರೆದಿಟ್ಟ ಗೂಡಿಗಲ್ಲ."

"ಹಾಗಾದ್ರೆ ತಂದು ಹಾಸಿಗೆ ಪಕ್ಕ ಇಟ್ಕೊಳ್ಳಲಾ?"

"ಒಳಗಿಟ್ರೂ ಅದೇ ಕತೆ. ಕೋಣೆ ಆಗ್ಲಿ, ಬೀರು ಆಗ್ಲಿ, ಬೀಗ ಬೇಕು. ಬೀಗದ ಕೈ ನಿನ್ಹತ್ರ ಮಾತ್ರ."

ರೈನೊನ ಹೆಂಡತಿ ಸೆನ್ಯಾ ನಕ್ಕಳು. "ಇವನ ಕೈಲಿ ಕಾಫಿ ಲೋಟಾನೇ ನಿಲ್ಲಲ್ಲ, ಬೀಗದ ಕೈ ನಿಲ್ಲತ್ತಾ? ನೀರು ಹಾಕೋಳು ನಾನು, ಕಳೆ ಕೀಳೋಳು ನಾನು."

ಡೋರಿ ಲೋಟ ಕೆಳಗಿಟ್ಟಳು. "ಇದನ್ನ ಇನ್ನೆಲ್ಲೂ ಹೇಳ್ಬೇಡ ಮಾರಾಯ್ತಿ. ಹೆಂಡತಿ ಅಂತ ಕಾನೂನು ನಿನ್ನ ಬಿಡಲ್ಲ. ಅವನ ಗಿಡ ನೀನು ಬೆಳೆಸ್ಬೇಕಾದ್ರೆ, ನೀನೇ ಅವನ ಆರೈಕೆದಾರಳು ಅಂತ ರಾಜ್ಯದಲ್ಲಿ ನೋಂದಣಿ ಆಗ್ಬೇಕು. ಆಮೇಲೆ ಬೀಗದ ಕೈ ನಿನ್ನದೇ. ಅರ್ಜಿ ಹಾಕೇ."

"ನಲವತ್ತು ವರ್ಷದಿಂದ ನನ್ನ ಬಟ್ಟೆ ಒಗೀತಿದಾಳೆ, ಅದಕ್ಕೂ ಲೈಸೆನ್ಸ್ ಬೇಕಾ?" ಎಂದ ರೈನೊ. "ಇದು ನಮ್ಮಪ್ಪ ಕಲ್ಲು ಕಿತ್ತು ಹಸನು ಮಾಡಿದ ನೆಲ, ಡೋರಿ. ನೀನು ಹೆದರುಪುಕ್ಕಿ."

"ಹೌದಪ್ಪ, ಹೆದರುಪುಕ್ಕೀನೇ. ನಿನಗೂ ಒಂಚೂರು ಹೆದರಿಕೆ ಇದ್ದಿದ್ರೆ ಚೆನ್ನಾಗಿತ್ತು."

ಅವಳು ಹೋದ ಮೇಲೆ ಸೆನ್ಯಾ ಮೆಲ್ಲಗೆ ಕೇಳಿದಳು, "ಅರ್ಜಿ ಹಾಕಿಬಿಡ್ಲಾ?"

"ಬಿಡೇ, ಬೇಟೆ ಕಾಲ ಮುಗೀಲಿ, ನೋಡೋಣ."

ಸೆನ್ಯಾ ಶಾಲೆಯ ಅಡುಗೆಯವಳು. ರಜೆ ಮುಗಿದು ಶಾಲೆ ತೆರೆಯಿತು, ಕೆಲಸ ಮೈಮೇಲೆ ಬಿತ್ತು. ಅರ್ಜಿಯ ಮಾತು ಅಲ್ಲಿಗೇ ನಿಂತಿತು.

ಗಿಡಗಳು ಹೂ ಬಿಟ್ಟಿದ್ದವು. ಕೊಯ್ಲು ಹತ್ತಿರವಿತ್ತು. ಒಂದು ಮಧ್ಯಾಹ್ನ ರಸ್ತೆಯಲ್ಲಿ ಕಾರಿಗೆ ಸಿಕ್ಕ ಜಿಂಕೆಯೊಂದು ಮುರಿದ ಕಾಲೆಳೆದುಕೊಂಡು ಹಕೋಲಾ ಮನೆಯ ಹಿಂದೆ ಬಂದು ಬಿತ್ತು. ಅದರ ನರಳಾಟ ಮುಗಿಸಲು ಪೊಲೀಸಿನವನು ಬಂದೂಕು ಹಿಡಿದು ಬಂದ. ಚಿಕ್ಕಂದಿನಲ್ಲಿ ಸೆನ್ಯಾಳ ಕೈಯಡುಗೆ ಉಂಡ ಹುಡುಗನೇ. ಗುಂಡು ಹಾರಿಸಿ ತಿರುಗಿದಾಗ ಎದುರಿಗೆ ನಾಯಿಗೂಡು. ಒಳಗೆ ನೀರಿನ ಪೈಪು ಹಿಡಿದ ಸೆನ್ಯಾ.

"ಮಿಸೆಸ್ ಹಕೋಲಾ, ಹೊರಗೆ ಬನ್ನಿ," ಎಂದ. ಧ್ವನಿ ಸಣ್ಣಗಾಗಿತ್ತು.

"ರೈನೊ ಹತ್ರ ಕಾರ್ಡಿದೆ ಮಗಾ."

"ನಿಮ್ಹತ್ರ?"

"ಅವನಿಗೆ ಬಗ್ಗೋಕಾಗಲ್ಲಪ್ಪ, ಅದಕ್ಕೆ ನಾನು..."

"ಗೊತ್ತು. ಯಾಕಾದ್ರೂ ಈ ಕಡೆ ತಿರುಗಿದ್ನೋ ಅನ್ನಿಸ್ತಿದೆ. ಕಣ್ಣಾರೆ ಕಂಡ್ಮೇಲೆ ಕಂಡಿಲ್ಲ ಅನ್ನೋಕಾಗಲ್ಲ."

ಸಂಜೆಯೊಳಗೆ ಗಿಡಗಳನ್ನು ಬೇರುಸಹಿತ ಕಿತ್ತು ಒಯ್ದರು. ಗಂಡ ಹೆಂಡತಿ ಇಬ್ಬರ ಮೇಲೂ ಕೇಸು ಬಿತ್ತು. ಬೀಗವಿಲ್ಲದ ಕಾರಣ ರೈನೊನ ಕಾರ್ಡೂ ಅವನನ್ನು ಕಾಯುವುದಿಲ್ಲ ಎಂದು ಅವರ ವಕೀಲರು ಹೇಳಿದರು.

"ಇವನು ಜೈಲಿಗೆ ಹೋದ್ರೆ ಬದುಕಲ್ಲ," ಎಂದಳು ಸೆನ್ಯಾ. "ಬೆಳೆಸಿದ್ದು ನಾನೇ ಅಂತ ಬರ್ಕೊಳ್ಳಿ."

"ಸುಳ್ಳು!" ರೈನೊ ಕುರ್ಚಿಯಲ್ಲೇ ಅರಚಿದ. "ಅವಳು ನೀರು ಹಾಕಿದ್ಳು, ಅಷ್ಟೆ! ನೆಟ್ಟೋನು ನಾನು!"

"ಕೂಗ್ಬೇಡ. ಕಾಲು ಸೆಟೆದುಕೊಳ್ಳತ್ತೆ."

ಸೆನ್ಯಾ ತಪ್ಪೊಪ್ಪಿಕೊಂಡಳು. ರೈನೊನ ಮೇಲಿನ ಕೇಸು ಕೈಬಿಟ್ಟರು. ಅವಳಿಗೆ ಜೈಲಾಗಲಿಲ್ಲ, ಆದರೆ ಮಾದಕವಸ್ತುವಿನ ಅಪರಾಧಿ ಎಂಬ ಹೆಸರು ಅಂಟಿತು. ಶಾಲೆಯವರು ಕೆಲಸದಿಂದ ತೆಗೆದರು. ಎಷ್ಟೋ ಮಕ್ಕಳ ಹಸಿವು ನೀಗಿಸಿದವಳಿಗೆ ಶಾಲೆಯ ಅಡುಗೆಮನೆಯೊಳಗೆ ಕಾಲಿಡುವಂತಿಲ್ಲ.

ಚಳಿಗಾಲ ಬಂತು. ಮನೆಯಲ್ಲಿ ಔಷಧಿಯಿಲ್ಲ. ರೈನೊ ಮೇಜಿನವರೆಗೆ ತೆವಳಿಕೊಂಡು ಬರತೊಡಗಿದ. ಅದನ್ನು ನೋಡಲಾರದೆ ಸೆನ್ಯಾ ಡೋರಿಯನ್ನು ಕರೆಸಿದಳು.

"ನೀನು ಹೇಳಿದ್ದೇ ಸರಿ ಕಣೇ. ಈಗ ಎಲ್ಲಾ ಕ್ರಮವಾಗಿ ಮಾಡ್ತೀನಿ. ಬೀಗ ತಂದಿದೀನಿ. ಆರೈಕೆದಾರಳ ಅರ್ಜಿ ಹೇಗೆ ಹಾಕೋದು, ಹೇಳಿಕೊಡು."

ಸೆನ್ಯಾ ತೋರಿಸಿದ ಬೀಗವನ್ನು ಡೋರಿ ತೆಗೆದು ಮೇಜಿನ ಮೇಲಿಟ್ಟಳು.

"ಇನ್ನು ಆಗಲ್ಲ, ಸೆನ್ಯಾ. ಮಾದಕವಸ್ತುವಿನ ಇಂಥ ಕೇಸಲ್ಲಿ ಅಪರಾಧಿ ಆದೋರನ್ನ ಆರೈಕೆದಾರರು ಅಂತ ಒಪ್ಪಲ್ಲ."

"ಎಷ್ಟು ವರ್ಷ?"

"ವರ್ಷದ ಲೆಕ್ಕ ಇಲ್ಲ ಕಣೇ. ಯಾವತ್ತೂ ಒಪ್ಪಲ್ಲ."

ರೈನೊ ಗೋಡೆಯ ಕಡೆ ಮುಖ ತಿರುಗಿಸಿದ. "ನನ್ನ ಬಾಯಿಗಿಷ್ಟು ಮಣ್ಣು ಹಾಕಾ," ಎಂದ.

ಕೊನೆಗೆ ಡೋರಿಯೇ ರೈನೊನ ಆರೈಕೆದಾರಳೆಂದು ಹೆಸರು ನೋಂದಾಯಿಸಿದಳು. ಈಗ ಅವನ ಗಿಡಗಳು ಅವಳ ನೆಲಮಾಳಿಗೆಯಲ್ಲಿ ಬೀಗದೊಳಗೆ ಬೆಳೆಯುತ್ತವೆ. ಔಷಧಿಯನ್ನು ಅವಳೇ ತಂದುಕೊಡುತ್ತಾಳೆ. ರೈನೊನ ಕೈ ನಡುಗುವಾಗ ಸೆನ್ಯಾ ಚಿಲುಮೆ ಹಿಡಿದು ಅವನ ತುಟಿಗಿಡಬಹುದು. ಅಷ್ಟಕ್ಕೆ ಕಾನೂನು ಬಿಡುತ್ತದೆ. ಆ ಗಿಡಗಳಿರುವ ಕೋಣೆಗೆ ಮಾತ್ರ ಅವಳು ಕಾಲಿಡುವಂತಿಲ್ಲ.

ಔಷಧಿಗೆಂದು ಗಿಡ ಬೆಳೆಯುತ್ತಾ ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಕಾರ್ಡು ಚಾಲ್ತಿಯಲ್ಲಿದೆಯೇ, ಇವತ್ತೇ ತೆಗೆದು ನೋಡಿ. ಗಿಡ ಒಳಗಿರಲಿ ಹೊರಗಿರಲಿ, ಬೀಗ ಹಾಕಿ. ನೆರೆಯವರ ಕಣ್ಣಿಗೆ ಬೀಳದಂತೆ ಮರೆಮಾಡಿ. ಬಾಡಿಗೆ ಮನೆಯಾದರೆ ನೆಡುವ ಮೊದಲೇ ಮಾಲೀಕರನ್ನು ಕೇಳಿ. ನಮ್ಮ ರಾಜ್ಯದ ಮೇಲೊಂದು ಕೇಂದ್ರ ಸರ್ಕಾರವಿದೆ, ವಾಷಿಂಗ್ಟನ್ನಿನದು; ಅದರ ಕಾನೂನಿನಲ್ಲಿ ಗಾಂಜಾ ಇನ್ನೂ ಅಪರಾಧವೇ. ಆ ಸರ್ಕಾರದ ಹಣದ ನೆರವಿನಿಂದ ಕಡಿಮೆ ಬಾಡಿಗೆಗೆ ಸಿಕ್ಕ ಮನೆಯಲ್ಲಿದ್ದರೆ ಮನೆಯೇ ಹೋದೀತು. ಪಕ್ಕದ ರಾಜ್ಯದ ನಿಯಮ ನಮ್ಮದಲ್ಲ, ನಮ್ಮದು ಅವರದ್ದಲ್ಲ, ಕೇಳಿ ತಿಳಿದುಕೊಳ್ಳಿ. ನಿಮ್ಮ ಗಿಡ ನೋಡಿಕೊಳ್ಳುವವರು ನಿಮ್ಮ ಹೆಂಡತಿಯೋ, ಗಂಡನೋ, ಮಗಳೋ ಆಗಿದ್ದರೆ, ಮೊದಲು ಅವರ ಹೆಸರು ನೋಂದಾಯಿಸಿ, ಆಮೇಲೆ ಬೀಜ ಊರಿ. ಅವರು ನಿಮಗಾಗಿ ಏನು ಬೇಕಾದರೂ ಕಳೆದುಕೊಳ್ಳಲು ತಯಾರಿರುತ್ತಾರೆ. ಕಳೆದುಕೊಳ್ಳಲು ಬಿಡಬೇಡಿ.