ಒಂದು ಗಂಟೆಯ ಮಟ್ಟಿಗೆ

ಸಹಾಯಮೇರಿ ಸ್ವಿಚ್ ಆರಿಸಿದಳು. ನಾಲ್ಕು ತಿಂಗಳಿಂದ ಹಗಲಿರುಳೆನ್ನದೆ ಗುರುಗುಡುತ್ತಿದ್ದ ಮಿಷನ್ನು ಒಂದು ಸಲ ಕೀ ಎಂದು ಕೂಗಿ ತಣ್ಣಗಾಯಿತು. ಆ ಸದ್ದು ಅಡಗಿದ ಮೇಲೇ ಆ ಮನೆಯಲ್ಲೊಂದು ಗೋಡೆ ಗಡಿಯಾರ ಇದೆ, ಪಕ್ಕದ ಮನೆಯಲ್ಲಿ ಯಾರೋ ಒಗ್ಗರಣೆ ಹಾಕುತ್ತಿದ್ದಾರೆ ಎನ್ನುವುದೆಲ್ಲ ಕೇಳಿಸಿದ್ದು. ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದ ಚೆಲುವಮ್ಮ ಮೂಗಿಗೆ ಸಿಕ್ಕಿಸಿದ್ದ ಸಣ್ಣ ಕೊಳವೆಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡು, ಏನು ಮಾಡ್ತಿದೀಯ ಎನ್ನುವ ಹಾಗೆ ಅವಳನ್ನೇ ನೋಡಿದಳು.

"ಒಂದು ಗಂಟೆ ಮಟ್ಟಿಗೆ ಚೆಲುವಕ್ಕ," ಎಂದಳು ಸಹಾಯಮೇರಿ. "ಹೋದಂಗೆ ಬಂದ್ಬುಡ್ತೀನಿ."

ಕೊಳವೆಯ ಇನ್ನೊಂದು ತುದಿಯನ್ನು ಮಿಷನ್ನಿನಿಂದ ಕಿತ್ತು, ಮಂಚದ ಕಾಲಿಗೆ ಕಟ್ಟಿ ನಿಲ್ಲಿಸಿದ್ದ ಪುಟ್ಟ ಸಿಲಿಂಡರಿಗೆ ಹಾಕಿ ಕೀಲಿ ತಿರುಗಿಸಿದಳು. ಅದು ಆಂಬುಲೆನ್ಸ್ ಡ್ರೈವರೊಬ್ಬನ ಕಾಲು ಹಿಡಿದು ತಂದದ್ದು. ಮುಳ್ಳು ಕೆಂಪು ಗೆರೆಗಿಂತ ಸ್ವಲ್ಪ ಮೇಲಿತ್ತು. ಸಣ್ಣಗೆ ಬಿಟ್ಟರೆ ಎರಡು ಗಂಟೆ ಬರುತ್ತದೆ, ಅದಕ್ಕಿಂತ ಜಾಸ್ತಿ ನನ್ನ ಕೇಳಬೇಡಿ ಎಂದಿದ್ದ ಅವನು. ಆಗ ಗಂಟೆ ಒಂಬತ್ತೂ ಮುಕ್ಕಾಲು. ಹನ್ನೊಂದೂ ಮುಕ್ಕಾಲರವರೆಗೆ ಭಯವಿಲ್ಲ ಎಂದು ಸಹಾಯಮೇರಿ ಮನಸ್ಸಿನಲ್ಲೇ ಎಣಿಸಿಕೊಂಡಳು. ಭಯ ಆಗಲೇ ಶುರುವಾಗಿತ್ತು, ಅದು ಬೇರೆ ಮಾತು.

ಚೆಲುವಮ್ಮ ನಲವತ್ತು ವರ್ಷ ಊದುಬತ್ತಿ ಹೊಸೆದವಳು. ಇದ್ದಿಲ ಪುಡಿ ಎದೆಯೊಳಗೇ ಮನೆ ಮಾಡಿಕೊಂಡಿತ್ತು. ಗಾಳಿಯಿಂದ ಆಕ್ಸಿಜನ್ ಹಿಂಡಿ ಕೊಡುವ ಈ ಮಿಷನ್ನು ಬಂದ ಮೇಲೆ ಅವಳು ಮಲಗಿ ನಿದ್ದೆ ಮಾಡುವುದನ್ನು ಮತ್ತೆ ಕಲಿತಿದ್ದಳು. ಸಹಾಯಮೇರಿ ಅವಳ ಬೆರಳಿಗೆ ಆಕ್ಸಿಜನ್ ನೋಡುವ ಕ್ಲಿಪ್ಪು ಸಿಕ್ಕಿಸಿ, ಚೆಲುವಮ್ಮನ ಗಂಡ ಮರಿಯಯ್ಯನನ್ನು ಹತ್ತಿರ ಕರೆದಳು. ಇದರಲ್ಲಿ ನಂಬರು ಬರುತ್ತದಲ್ಲ, ಅದನ್ನು ನೋಡುತ್ತಾ ಇರಿ, ತೊಂಬತ್ತರ ಕೆಳಗಿಳಿದರೆ ತಕ್ಷಣ ಫೋನ್ ಮಾಡಿ ಎಂದಳು. ಮರಿಯಯ್ಯ ತಲೆಯಾಡಿಸಿದ. ದಿನಸಿ ಮಂಡಿಯಲ್ಲಿ ಮೂವತ್ತು ವರ್ಷ ತೂಕದ ಮುಂದೆ ಕೂತವನು. ನಂಬರಿನ ವಿಷಯದಲ್ಲಿ ಅವನನ್ನು ಏಮಾರಿಸಿದವರಿಲ್ಲ.

ಮಗಳು ಧರಣಿ ಬೆಳಿಗ್ಗೆ ಆರಕ್ಕೇ ಕಡಕೊಳದ ಕಾರ್ಖಾನೆಯ ಬಸ್ಸು ಹತ್ತಿದ್ದಳು. ಅವಳಿಗೆ ಈ ವಿಷಯ ಹೇಳಿರಲಿಲ್ಲ. ಹೇಳಿದ್ದರೆ ಬಿಡುತ್ತಿರಲಿಲ್ಲ ಎಂದು ಗೊತ್ತಿದ್ದೇ ಸಹಾಯಮೇರಿ ಹೇಳಿರಲಿಲ್ಲ. ದಿನಾ ಹನ್ನೆರಡೂ ಮುಕ್ಕಾಲಿಗೆ ಊಟದ ಬೆಲ್ಲು ಹೊಡೆದ ಕೂಡಲೇ ಧರಣಿ ಮನೆಗೆ ಫೋನ್ ಮಾಡುವಳು. ಮಾತಾಡಿದರೆ ಅವ್ವನಿಗೆ ದಮ್ಮು ಬರುತ್ತದೆಂದು ಮಾತಿಲ್ಲ ಕತೆಯಿಲ್ಲ. ಮರಿಯಯ್ಯ ಫೋನನ್ನು ಮಿಷನ್ನಿನ ಪಕ್ಕ ಹಿಡಿಯುವನು, ಆ ಗುರುಗುರು ಕೇಳಿಸಿಕೊಂಡು ಅವಳು ಇಟ್ಟುಬಿಡುವಳು. ಅಷ್ಟೇ ಅವಳ ಮಧ್ಯಾಹ್ನದ ಸಮಾಧಾನ.

"ಮಗಾ ಫೋನ್ ಮಾಡೋ ಒತ್ಗೆ ಬಂದ್ಬುಡ್ತೀಯ ತಾನೆ ಮೇರಮ್ಮ?" ಎಂದ ಮರಿಯಯ್ಯ.

"ಅದಕ್ಕಿಂತ ಮುಂಚೇನೇ ಮರಿಯಣ್ಣ," ಎಂದು ಅವಳು ಮಿಷನ್ನನ್ನು ಉರುಳಿಸಿಕೊಂಡು ಹೊರಟಳು. ಬಾಗಿಲು ದಾಟುವಾಗ ಹಿಂತಿರುಗಿ ನೋಡಬೇಕೆನ್ನಿಸಿತು, ನೋಡಲಿಲ್ಲ.

ಒಂಟಿಕೊಪ್ಪಲಿನ ಆಸರೆ ಬಳಗ ಅಂದರೆ ಏಳೆಂಟು ಜನ, ಒಂದು ಸಮುದಾಯ ಭವನದ ಹಿಂದಿನ ಕೋಣೆ, ಅದರೊಳಗೆ ಹದಿನಾಲ್ಕು ಸಾಮಾನು. ಗಾಲಿಕುರ್ಚಿ, ವಾಕರು, ಮಡಿಸುವ ಮಂಚ, ಇಂಥವು. ಕಾಯಿಲೆಯವರಿದ್ದ ಮನೆಗೆ ಬೇಕಾದಷ್ಟು ದಿನ ಕೊಡುವುದು, ಕೆಲಸ ಮುಗಿದ ಮೇಲೆ ತಂದು ಒರೆಸಿ ಇಡುವುದು. ಸ್ವಯಂಸೇವಾ ಗುಂಪುಗಳಿಗೆಂದು ಪಾಲಿಕೆ ಕೊಡುವ ಅನುದಾನದಲ್ಲಿ ಬಂದ ಸಾಮಾನುಗಳವು. ಇಪ್ಪತ್ತೆರಡು ವರ್ಷ ಆಸ್ಪತ್ರೆಯಲ್ಲಿ ಆಯಾ ಆಗಿದ್ದ ಸಹಾಯಮೇರಿಯೇ ಕೊಡುವವಳು, ತರುವವಳು. ಕಾರ್ಯದರ್ಶಿ ಡೆನ್ನಿಸ್ ಹೈಸ್ಕೂಲಿನ ನಿವೃತ್ತ ಗುಮಾಸ್ತರು. ಅವರಿಗೆ ಕಾಗದ ಎಂದರೆ ಪ್ರೀತಿ, ಸರ್ಕಾರಿ ಕಾಗದ ಎಂದರೆ ಜೀವ ಬಾಯಿಗೆ ಬರುತ್ತಿತ್ತು.

ಅಂಥದೊಂದು ಕಾಗದ ಹೋದ ವಾರ ಪಾಲಿಕೆಯಿಂದ ಬಂತು. ಪರಿಶೀಲನೆಯ ದಿನ ಎಲ್ಲಾ ಸಾಮಾನುಗಳನ್ನು ಒಂದೇ ಕಡೆ ಹಾಜರುಪಡಿಸಬೇಕು. ಯಾವುದಾದರೂ ಫಲಾನುಭವಿಯ ಮನೆಯಲ್ಲಿದ್ದರೆ ವಾರ್ಡಿನೊಳಗಿನ ವಿಳಾಸ ತೋರಿಸಬೇಕು. ವಾರ್ಡಿನ ಹೊರಗೆ ಕೊಟ್ಟದ್ದು ಕಂಡುಬಂದರೆ ಅಷ್ಟೂ ಸಾಮಾನು ವಾಪಸ್. ಚೆಲುವಮ್ಮ ಮೊದಲು ಒಂಟಿಕೊಪ್ಪಲಿನ ಓಣಿಯಲ್ಲೇ ಇದ್ದವಳು. ಬಾಡಿಗೆ ಏರಿತೆಂದು ಹಿನಕಲ್‌ಗೆ ಹೋಗಿ ಎರಡು ವರ್ಷವಾಗಿತ್ತು. ಮಿಷನ್ನು ಕೊಡುವಾಗ ಸಹಾಯಮೇರಿ ರಿಜಿಸ್ಟರಿನಲ್ಲಿ ಹಳೇ ವಿಳಾಸವನ್ನೇ ಬರೆದಿದ್ದಳು. ಉಸಿರಿಗೆ ವಾರ್ಡು ಯಾವುದು ಎಂದು ಆವತ್ತು ಡೆನ್ನಿಸ್ ಸಾರಿಗೆ ದೊಡ್ಡ ಮಾತಾಡಿದ್ದಳು. ಈಗ ಆ ಹಳೇ ವಿಳಾಸವೇ ಕುತ್ತಿಗೆಗೆ ಬಂದಿತ್ತು. ಸಾಮಾನು ವಾಪಸ್ ಹೋದರೆ ಗಾಲಿಕುರ್ಚಿ ಹೋಗುತ್ತದೆ, ಮಂಚ ಹೋಗುತ್ತದೆ, ಮಿಷನ್ನೂ ಹೋಗುತ್ತದೆ. ಮಿಷನ್ನು ಹೋದರೆ ಚೆಲುವಮ್ಮ ಉಳಿಯುವುದಿಲ್ಲ. ಅದನ್ನು ಉಳಿಸುವುದಕ್ಕೇ ಈ ಒಂದು ಗಂಟೆ ಎಂದು ಡೆನ್ನಿಸ್ ಹೇಳಿದ್ದರು, ಅವಳೂ ಒಪ್ಪಿದ್ದಳು.

ವಿಜಯ್‌ಕುಮಾರ್ ಬಳಗದವನೇ, ಬಳಗದ ಕೆಲಸಕ್ಕೆ ಅವನ ಆಟೊಗೆ ಮೀಟರಿಲ್ಲ. ಹತ್ತು ಗಂಟೆ ದಾಟುತ್ತಿದ್ದಂತೆ ಅವನು ಅವಳನ್ನೂ ಮಿಷನ್ನನ್ನೂ ಭವನದ ಮುಂದೆ ಇಳಿಸಿದ. ಒಳಗೆ ಡೆನ್ನಿಸ್ ಬ್ಯಾನರು ಕಟ್ಟಿಸಿ, ಅದರ ಕೆಳಗೆ ಸಾಮಾನುಗಳನ್ನು ನಂಬರಿನ ಪ್ರಕಾರ ಸಾಲಾಗಿ ನಿಲ್ಲಿಸಿದ್ದರು. ಹತ್ತಕ್ಕೂ ಹನ್ನೆರಡಕ್ಕೂ ನಡುವೆ ಒಂದು ಜಾಗ ಖಾಲಿಯಿತ್ತು. ಮಿಷನ್ನನ್ನು ಅಲ್ಲಿ ನಿಲ್ಲಿಸಿದ ಮೇಲೆ ಅವರು ಹಣೆಯ ಬೆವರು ಒರೆಸಿಕೊಂಡರು. ಪರಿಶೀಲನೆಗೆ ಪಾಲಿಕೆಯ ಮೇಡಂ ಹತ್ತೂವರೆಗೆ ಬರುತ್ತಾರೆ, ಹತ್ತು ನಿಮಿಷದ ಕೆಲಸ ಎಂದರು.

ಹತ್ತೂವರೆಯಾಯಿತು, ಮೇಡಂ ಬರಲಿಲ್ಲ. ಸಹಾಯಮೇರಿ ಮರಿಯಯ್ಯನಿಗೆ ಫೋನ್ ಮಾಡಿದಳು. ತೊಂಬತ್ತೆರಡು ಎಂದ. ಹನ್ನೊಂದೂ ಕಾಲಿಗೆ ವಲಯ ಕಚೇರಿಯಿಂದ ಸುದ್ದಿ ಬಂತು, ಇನ್ನೊಂದು ಬಳಗದ ಪರಿಶೀಲನೆ ಮುಗಿಸಿಕೊಂಡು ಬರುತ್ತಾರಂತೆ, ತಡವಾಗುತ್ತದಂತೆ. ಆಗ ಮರಿಯಯ್ಯ ತೊಂಬತ್ತೈದು ಎಂದ. ಸಹಾಯಮೇರಿ ಕುರ್ಚಿಯಲ್ಲಿ ಕೂತಳು, ಎದ್ದಳು, ಬಾಗಿಲವರೆಗೆ ಹೋಗಿ ಬಂದಳು. ಜಪಸರ ಚೀಲದಲ್ಲೇ ಇತ್ತು. ತೆಗೆದರೆ ತನಗೆ ಎಷ್ಟು ಭಯವಾಗಿದೆಯೆಂದು ತನಗೇ ಗೊತ್ತಾಗುತ್ತದೆಂದು ತೆಗೆಯಲಿಲ್ಲ.

ಹನ್ನೊಂದೂ ಮುಕ್ಕಾಲಾಯಿತು. ಸಿಲಿಂಡರು ಈಗ ಮುಗಿದಿರಬೇಕು, ನಾನು ಹೊರಟೆ ಎಂದು ಅವಳು ಎದ್ದೇಬಿಟ್ಟಳು. ಡೆನ್ನಿಸ್ ಅವಳ ಮುಂದೆ ಕೈ ಮುಗಿದು ನಿಂತರು. ಮೇಡಂ ಅಲ್ಲಿಂದ ಹೊರಟಾಯಿತು, ಇನ್ನು ಹತ್ತೇ ನಿಮಿಷ, ಬೇಕಾದರೆ ಒಂದು ಸಲ ಫೋನ್ ಮಾಡಿ ನೋಡಿ ಎಂದರು. ಮಾಡಿದಳು. ಮರಿಯಯ್ಯನ ದನಿಯಲ್ಲಿ ಗೆಲುವಿತ್ತು. "ತೊಂಬತ್ತೊಂಬತ್ತು ಕಣವ್ವ. ಏರ್ತಾನೇ ಅದೆ."

ತೊಂಬತ್ತೊಂಬತ್ತು. ಮಿಷನ್ನಿದ್ದಾಗಲೂ ಚೆಲುವಕ್ಕನಿಗೆ ತೊಂಬತ್ಮೂರರ ಮೇಲೆ ಬಂದದ್ದಿಲ್ಲ. ಅವಳೊಳಗಿನ ಆಯಾ ಒಂದು ಗಳಿಗೆ ಹುಬ್ಬು ಗಂಟಿಕ್ಕಿದಳು. ಆದರೆ ಬೇಕಾದ ಮಾತೇ ಕಿವಿಗೆ ಬಿದ್ದಾಗ ಕೆದಕಿ ನೋಡುವವರು ಯಾರು? ಸಿಲಿಂಡರಿನ ಗಾಳಿ ಶುದ್ಧವಿರಬೇಕು, ತಾಯಿ ಕಾಪಾಡಿದಳು ಎಂದುಕೊಂಡು ಅವಳು ಮತ್ತೆ ಕೂತಳು. ಡೆನ್ನಿಸ್ ಕಾಫಿ ತರಿಸಿದರು. ಕುಡಿದದ್ದೂ ಕುಡಿದಳು; ಆ ಕಾಫಿ ಅವಳಿಗೆ ಸಾಯುವವರೆಗೂ ನೆನಪಿರುತ್ತದೆ.

ಹನ್ನೆರಡೂ ಹತ್ತಕ್ಕೆ ಅವಳು ಮತ್ತೆ ಕೇಳಿದಳು.

"ನೂರ ಎಂಟು," ಎಂದ ಮರಿಯಯ್ಯ.

ಆಕ್ಸಿಜನ್ನಿನ ನಂಬರು ನೂರು ದಾಟುವುದಿಲ್ಲ. ಆ ಕ್ಲಿಪ್ಪಿನಲ್ಲಿ ಎರಡು ನಂಬರು ಬರುತ್ತವೆ, ಒಂದು ಉಸಿರಿನದು, ಇನ್ನೊಂದು ನಾಡಿಯದು. ವರ್ಷಗಟ್ಟಲೆ ನೋಡಿ ಪಳಗಿದ ಅವಳ ಕಣ್ಣಿಗೆ ಒಂದೇ ಕಾಣುತ್ತಿತ್ತು. ಎರಡನೆಯದೊಂದಿದೆ ಎಂದು ಆ ಮುದುಕನಿಗೆ ಹೇಳಲು ಮರೆತೇ ಹೋಗಿತ್ತು.

"ಮರಿಯಣ್ಣ," ಎಂದಳು ಸಹಾಯಮೇರಿ. "ಇನ್ನೊಂದು ನಂಬರು ಕಾಣ್ತದಲ್ಲ, ಅದೆಷ್ಟದೆ?"

"ಅದಾ? ಅದು ಎಪ್ಪತ್ತಾರು. ಅದು ಬೆಳಗ್ಗಿಂದ ಇಳೀತಾನೇ ಅದೆ ಕಣವ್ವ. ನಿಂಗೆ ಗಾಬ್ರಿ ಆದಾತು ಅಂತ ಅದ ಯೋಳ್ನಿಲ್ಲ." ಅವನು ಮೆಲ್ಲಗೆ ಕೇಳಿದ, "ಇವ್ಳು ತುಟಿ ಯಾಕೋ ನೇರಳೆ ಅಣ್ಣು ತಿಂದಂಗೆ ಆಗದೆ. ಪರವಾಗಿಲ್ವಾ?"

ಸಹಾಯಮೇರಿ ಫೋನನ್ನು ಚೀಲಕ್ಕೆ ಹಾಕಿದಳು. ಹದಿನೈದು ಕೆಜಿಯ ಮಿಷನ್ನನ್ನು ಮಗುವನ್ನೆತ್ತುವ ಹಾಗೆ ತಬ್ಬಿ ಎತ್ತಿಕೊಂಡು ಬಾಗಿಲ ಕಡೆ ನಡೆದಳು. ಡೆನ್ನಿಸ್ ಅಡ್ಡ ಬಂದರು. ಅವಳ ಮುಖ ನೋಡಿ ಪಕ್ಕಕ್ಕೆ ಸರಿದರು. ಗೇಟಿನ ಹತ್ತಿರ ಜೀಪು ನಿಂತಿತು. ಅದರಿಂದ ಇಳಿದ ಅಧಿಕಾರಿ ಸುಷ್ಮಿತಾ ಮೂವತ್ತು ದಾಟದ ಹೆಣ್ಣುಮಗಳು. ಕೈಯಲ್ಲಿ ಪಟ್ಟಿ, ಮುಖದಲ್ಲಿ ಬಿಸಿಲು. ಮಿಷನ್ನಿನ ಬೆನ್ನಿನ ಮೇಲಿದ್ದ ಪಾಲಿಕೆಯ ಸ್ಟಿಕ್ಕರಿನ ಕಡೆ ಬೆರಳು ತೋರಿಸಿ, ಇದನ್ನು ಎಲ್ಲಿಗೆ ತಗೊಂಡು ಹೋಗ್ತಿದೀರಿ ಎಂದು ಕೇಳಿದಳು.

ಸುಳ್ಳು ಹೇಳಬಹುದಿತ್ತು. ರಿಪೇರಿಗೆ ಎಂದರೆ ಮುಗಿಯುತ್ತಿತ್ತು. ಆದರೆ ಸಹಾಯಮೇರಿಯ ಬಾಯಲ್ಲಿ ಸುಳ್ಳಿಗೆ ಬೇಕಾದಷ್ಟು ಎಂಜಲೂ ಉಳಿದಿರಲಿಲ್ಲ.

"ಹಿನಕಲ್‌ಗೆ ಮೇಡಂ. ಇದು ಅಲ್ಲಿರೋದು. ಒಬ್ರು ಮೂಗಿಂದ ಕಿತ್ತು ತಂದಿದೀನಿ, ನಿಮಗೆ ತೋರ್ಸೋಕೆ."

ಹಿಂದೆ ನಿಂತಿದ್ದ ಡೆನ್ನಿಸ್ ಕಣ್ಣು ಮುಚ್ಚಿಕೊಂಡರು. ಅಧಿಕಾರಿ ಪಟ್ಟಿಯನ್ನೊಮ್ಮೆ ನೋಡಿದಳು, ಸಹಾಯಮೇರಿಯನ್ನೊಮ್ಮೆ ನೋಡಿದಳು. ಆಮೇಲೆ ತಾನೇ ಬಂದು ಮಿಷನ್ನಿನ ಇನ್ನೊಂದು ಬದಿಗೆ ಕೈಕೊಟ್ಟು ಆಟೊದೊಳಗೆ ತಳ್ಳಿದಳು. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಸಹಾಯಮೇರಿಗೆ.

ಹುಣಸೂರು ರಸ್ತೆಯಲ್ಲಿ ಆ ಹೊತ್ತಿಗೆ ಜಗತ್ತಿನ ಗಾಡಿಯೆಲ್ಲ ಇತ್ತು. ಸಿಗ್ನಲಿನಲ್ಲಿ ಸೆಕೆಂಡುಗಳು ಕೆಂಪಗೆ ಇಳಿಯುತ್ತಿದ್ದವು, ಅರವತ್ತು, ಐವತ್ತೊಂಬತ್ತು, ಐವತ್ತೆಂಟು. ಇಳಿಯುವ ನಂಬರನ್ನು ನೋಡಲಾರದೆ ಅವಳು ಮುಖ ತಿರುಗಿಸಿದಳು. ಮರಿಯಯ್ಯನಿಗೆ ಫೋನ್ ಹಚ್ಚಿ, ಚೆಲುವಕ್ಕನನ್ನು ಮಲಗಿಸಬೇಡಿ, ಮುಂದಕ್ಕೆ ಬಾಗಿಸಿ ಕೂರಿಸಿ, ಮಾತಾಡಿಸಬೇಡಿ ಎಂದಳು. ಅವನು ಆಯ್ತು ಆಯ್ತು ಎನ್ನುತ್ತಿದ್ದ. ಅವನ ದನಿಯ ಹಿಂದೆ, ಹರಿದ ತಿದಿ ಒತ್ತಿದ ಹಾಗೆ, ಇನ್ನೊಂದು ಸದ್ದು ಕೇಳುತ್ತಿತ್ತು. ಧರಣಿ ನಾಲ್ಕು ತಿಂಗಳ ಹಿಂದೆ ಅವಳ ಎರಡೂ ಕೈ ಹಿಡಿದುಕೊಂಡು, ನೀವಿದೀರಿ ಅಂತ ನಾನು ಕೆಲಸಕ್ಕೆ ಹೋಗ್ತೀನಿ ಆಂಟಿ ಎಂದಿದ್ದಳು. ಸಹಾಯಮೇರಿ ಆ ಮಾತನ್ನು ದಾರಿಯುದ್ದಕ್ಕೂ ಹೊತ್ತುಕೊಂಡು ಕೂತಿದ್ದಳು.

ಓಣಿಯೊಳಗೆ ಆಟೊ ಹೋಗುವುದಿಲ್ಲ. ವಿಜಯ್‌ಕುಮಾರ್ ಒಂದು ಕಡೆ, ಅವಳೊಂದು ಕಡೆ ಹಿಡಿದು ಓಡಿದರು. ಮನೆಯೊಳಗೆ ಮರಿಯಯ್ಯ ಹೆಂಡತಿಯನ್ನು ತನ್ನ ಎದೆಗೊರಗಿಸಿಕೊಂಡು, ಬೀಸಣಿಗೆ ಇಲ್ಲದ್ದಕ್ಕೆ ಒಂದು ಸ್ಟೀಲ್ ತಟ್ಟೆಯಿಂದ ಗಾಳಿ ಹಾಕುತ್ತಿದ್ದ. ಚೆಲುವಮ್ಮನ ಕಣ್ಣು ತೆರೆದಿತ್ತು. ಬಾಯಿಯೂ ತೆರೆದಿತ್ತು. ಭುಜಗಳು ಮಾತ್ರ ಏರುತ್ತ ಇಳಿಯುತ್ತ ಇದ್ದವು. ಕರೆಂಟ್ ಇತ್ತು, ಅದೊಂದು ಪುಣ್ಯ. ಸಹಾಯಮೇರಿ ಕೊಳವೆಯನ್ನು ಸಿಲಿಂಡರಿನಿಂದ ಕಿತ್ತು ಮಿಷನ್ನಿಗೆ ಹಾಕಿದಳು, ಪ್ಲಗ್ ಸಿಕ್ಕಿಸಲು ಮೂರು ಸಲ ತಪ್ಪಿದಳು. ನಾಲ್ಕನೇ ಸಲಕ್ಕೆ ಮಿಷನ್ನು ಕೀ ಎಂದು ಕೂಗಿ ಗುರುಗುಟ್ಟತೊಡಗಿತು.

ಎಪ್ಪತ್ತೊಂದು. ನಂಬರು ಅಲ್ಲೇ ನಿಂತಿತ್ತು. ಸಹಾಯಮೇರಿ ನೆಲದ ಮೇಲೆ ಮೊಣಕಾಲೂರಿ, ಚೆಲುವಮ್ಮನ ಬೆರಳು ಹಿಡಿದುಕೊಂಡು ಕಾಯುತ್ತಿದ್ದಳು. ಎಪ್ಪತ್ತೊಂದು, ಮತ್ತೆ ಎಪ್ಪತ್ತು. ಆಮೇಲೆ ಎಪ್ಪತ್ಮೂರು. ಎಪ್ಪತ್ತೆಂಟಕ್ಕೆ ಚೆಲುವಮ್ಮ ಕಣ್ಣು ಮಿಟುಕಿಸಿದಳು. ಎಂಬತ್ತನಾಲ್ಕಕ್ಕೆ ತುಟಿಯ ಬಣ್ಣ ತಿಳಿಯಾಯಿತು. ಚೀಲದಲ್ಲಿ ಸಹಾಯಮೇರಿಯ ಫೋನು ನಡುಗಿತು. ಡೆನ್ನಿಸ್. ಹನ್ನೊಂದನೇ ನಂಬರಿನ ಮುಂದೆ ಮೇಡಂ ಏನೂ ಬರೆಯಲಿಲ್ಲವಂತೆ, ಹಿನಕಲ್ ಮನೆಯ ವಿಳಾಸ ಕೇಳಿ ಬರೆದುಕೊಂಡರಂತೆ, ನಾಳೆ ತಾವೇ ಅಲ್ಲಿಗೆ ಬರುತ್ತಾರಂತೆ. ಯಾತಕ್ಕೆ ಎಂದು ಕೇಳುವ ಧೈರ್ಯ ಅವರಿಗೆ ಬಂದಿರಲಿಲ್ಲ. ಸಹಾಯಮೇರಿಗೂ ಬರಲಿಲ್ಲ.

ಅಷ್ಟರಲ್ಲಿ ಮಂಚದ ಮೇಲಿದ್ದ ಮರಿಯಯ್ಯನ ಫೋನು ಹೊಡೆದುಕೊಂಡಿತು. ಗಡಿಯಾರದಲ್ಲಿ ಹನ್ನೆರಡೂ ಮುಕ್ಕಾಲು. ಮರಿಯಯ್ಯ ಸಹಾಯಮೇರಿಯ ಮುಖ ನೋಡಿದ. ಅವಳ ಕಣ್ಣು ನಂಬರಿನ ಮೇಲೇ ಇತ್ತು. ಅವನು ಗುಂಡಿ ಒತ್ತಿ, ದಿನದ ಹಾಗೆ ಅದನ್ನು ಮಿಷನ್ನಿನ ಪಕ್ಕ ಹಿಡಿದ.

ದಿನದ ಹಾಗೆ ಧರಣಿ ಇಟ್ಟುಬಿಡಲಿಲ್ಲ.

"ಅಪ್ಪಾ," ಎಂದಿತು ಫೋನಿನ ಸಣ್ಣ ದನಿ. "ಅದ್ಯಾರು ಏದುಸಿರು ಬಿಡ್ತಾ ಇರೋದು? ಅವ್ವ ಅಲ್ಲ ತಾನೆ?"

ಚೆಲುವಮ್ಮ ದಿಂಬಿಗೊರಗಿಕೊಂಡೇ ಸಹಾಯಮೇರಿಯನ್ನು ನೋಡಿ, ಹೇಳಬೇಡ ಎನ್ನುವಂತೆ ನಿಧಾನವಾಗಿ ತಲೆಯಾಡಿಸಿದಳು. ಏದುಸಿರು ಓಡಿ ಬಂದ ಸಹಾಯಮೇರಿಯದು, ಇನ್ನೂ ಅಡಗಿರಲಿಲ್ಲ. ಅವಳು ಸೆರಗಿನ ತುದಿಯನ್ನು ಬಾಯಿಗೆ ಒತ್ತಿ ಉಸಿರು ಬಿಗಿಹಿಡಿದಳು. ಮಿಷನ್ನು ಗುರುಗುಡುತ್ತಿತ್ತು, ಆ ಕಡೆ ಧರಣಿ ಕೇಳಿಸಿಕೊಳ್ಳುತ್ತಲೇ ಇದ್ದಳು.