ಹುಳಿ ಹಿಂಡಬೇಡಿ ಮಿಸ್

ಪಿಪೆಟ್ ಮಿಸ್ ಅಂದರೆ ಇಡೀ ಶಾಲೆಗೆ ಗೊತ್ತು. ಕಡ್ಡಿಯ ಹಾಗೆ ಇದ್ದಾರೆ ಅಂತ ಬಂದ ಹೆಸರಲ್ಲ ಅದು. ಅಂಕಗಳನ್ನು ಪಿಪೆಟ್ಟಿನಿಂದ ಬಿಟ್ಟ ಹಾಗೆ ತೊಟ್ಟು ತೊಟ್ಟಾಗಿ ಬಿಡುತ್ತಾರೆ ಅಂತ. ಇಪ್ಪತ್ತೆರಡು ವರ್ಷ ರಸಾಯನಶಾಸ್ತ್ರ ಹೇಳಿಕೊಟ್ಟು, ಮಹಡಿ ಮೇಲಿನ ಲ್ಯಾಬಿನ ಬೀಗದ ಕೈಯನ್ನು ಸೊಂಟದಲ್ಲೇ ಇಟ್ಟುಕೊಂಡು ಓಡಾಡಿದವರು. ಆ ಬೀಗದ ಕೈಗೆ ಇವತ್ತು ಸಂಜೆಯವರೆಗೆ ಮಾತ್ರ ಆಯಸ್ಸು ಅನ್ನೋ ಹಾಗಾಗಿತ್ತು.

ಕಾರಣ, ಊಟದ ಕೋಣೆಯ ನಡುವೆ ಹಲ್ಲು ಕಿರಿದು ನಿಂತಿದ್ದ ಆಸಾಮಿ. ಎದೆಯ ಮೇಲೆ 'ತಿನ್ನುತ್ತಾ ಕಲಿ' ಅಂತ ಅಚ್ಚು ಹಾಕಿಸಿದ ಕೆಂಪು ಏಪ್ರನ್ನು. ಕೇಕು ಮಾಡಿಸಿ ರಸಾಯನಶಾಸ್ತ್ರ ಕಲಿಸುವ ತಜ್ಞನಂತೆ. ಇವತ್ತಿನ ಆಟ ಹೆಡ್‌ಮಾಸ್ಟರಿಗೆ ಹಿಡಿಸಿದರೆ ಲ್ಯಾಬಿನ ಬೀರುಗಳೆಲ್ಲ ಉಗ್ರಾಣಕ್ಕೆ, ಲ್ಯಾಬು ಏಪ್ರನ್ನಿನ ಕೈಗೆ, ಮಿಸ್ಸು ಲೈಬ್ರರಿಗೆ, ಹರಿದ ಪುಸ್ತಕಗಳಿಗೆ ರಟ್ಟು ಹಾಕಲು.

ಹೆಡ್‌ಮಾಸ್ಟರು ಮೊದಲೇ ಮಿಸ್ಸನ್ನು ಮೂಲೆಗೆ ಕರೆದು ಹೇಳಿದ್ದರು. "ನೋಡಿ ಮಿಸ್, ಇವತ್ತೊಂದಿನ ಸುಮ್ನೆ ಕೂತ್ಕೊಂಡು ನೋಡಿ. ಹುಳಿ ಹಿಂಡ್ಬೇಡಿ."

"ನಾನ್ಯಾಕೆ ಹಿಂಡ್ಲಿ ಸರ್? ಹುಳಿ ಹಿಂಡಿದ್ರೆ ಒಡೆಯೋಕೆ ಹಾಲಾದ್ರೂ ಇರ್ಬೇಕಲ್ಲ. ಇಲ್ಲಿರೋದು ಬರೀ ನೀರು."

ಹೋಗಿ ಕೊನೆಯ ಬೆಂಚಲ್ಲಿ ಕೂತರು.

ಏಪ್ರನ್ನು ಚಪ್ಪಾಳೆ ತಟ್ಟಿ ಶುರು ಮಾಡಿದ. "ಮಕ್ಳೇ! ಆಮ್ಲ ಅಂದ್ರೆ ಆಮ್ಲಪ್ಪ! ಪ್ರತ್ಯಾಮ್ಲ ಅಂದ್ರೆ ಪ್ರತ್ಯಾಮ್ಲಮ್ಮ! ಇವತ್ತು ಪಾತ್ರೆಯೊಳಗೆ ಇಬ್ರಿಗೂ ಮದ್ವೆ! ಗುಳು ಗುಳು ಅಂತ ಗುಳ್ಳೆ ಬರತ್ತೆ, ಅದೇ ಮದ್ವೆ ವಾಲಗ!"

ಮಕ್ಕಳು ಹೋ ಅಂದರು. ಮಿಸ್ ಕಣ್ಣು ಮುಚ್ಚಿಕೊಂಡರು. ಆಮ್ಲಪ್ಪನಂತೆ! ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರಲ್ಲ, ಇವನದು ಎರಡೂ ಕಾಲಲ್ಲೇ ನಿಂತಿದೆ.

ಏಪ್ರನ್ನು ಮೊದಲೇ ಕಳಿಸಿದ್ದ ಅಚ್ಚಿನ ಚೀಟಿ ನೋಡಿಕೊಂಡು ಅಟೆಂಡರು ಮೇಜಿನ ಮೇಲೆ ಎಲ್ಲ ಜೋಡಿಸಿದ್ದ. ಮೈದಾ, ಸಕ್ಕರೆ, ಬೆಣ್ಣೆ, ಅಡುಗೆ ಸೋಡಾ, ಒಂದು ಬಟ್ಟಲು ಮೊಸರು. ಏಪ್ರನ್ನು ಬಟ್ಟಲು ಎತ್ತಿ ಮೂಸಿದವನೇ ಮುಖ ಹಿಂಡಿದ.

"ಥೂ! ಇದು ಹುಳಿ ಬಂದ್ಬಿಟ್ಟಿದೆ! ಯಾರ್ರೀ ಇಟ್ಟಿದ್ದು?"

"ನಿಮ್ಮ ಚೀಟೀಲೇ ಹುಳಿ ಮೊಸರು ಅಂತ ಇತ್ತು ಸಾರ್. ಎರಡು ದಿನ ಹೊರಗಿಟ್ಟು ಹುಳಿ ಮಾಡಿದೀನಿ."

"ಅಚ್ಚಲ್ಲಿ ತಪ್ಪಾಗಿರತ್ತೆ ಮಾರಾಯ. ಮಕ್ಕಳಿಗೆ ಹಳಸಿದ್ದು ತಿನ್ನಿಸ್ತೀರಾ? ಹಾಲು ತನ್ನಿ, ತಾಜಾ ಹಾಲು!"

ಮೊಸರು ಸಿಂಕಿನಲ್ಲಿ ಹೋಯಿತು. ಮಿಸ್ಸಿನ ಎರಡೂ ಹುಬ್ಬು ಮೇಲೆ ಹೋದವು. ಆಗಿಂದ ಆಮ್ಲ ಆಮ್ಲ ಅಂತ ಬಾಯಿ ಬಡಿದುಕೊಂಡವನಿಗೆ ಆಮ್ಲ ಅಂದರೆ ಮನೆಯಲ್ಲಿ ಹುಳಿ ಅನ್ನುವುದೇ ಗೊತ್ತಿಲ್ಲ! ಮದುವೆ ಗಂಡನ್ನೇ ಮೋರಿಗೆ ಸುರಿದು ಈಗ ವಾಲಗಕ್ಕೆ ಕಾಯುತ್ತಿದ್ದಾನೆ. ನಗು ಗಂಟಲಿಗೆ ಬಂತು, ನುಂಗಿಕೊಂಡರು. ಹೇಳಬಹುದಿತ್ತು, ಹೇಳಲಿಲ್ಲ. ಸುಮ್ಮನೆ ಕೂತಿದ್ದರೆ ಸಾಕು, ಲ್ಯಾಬು ತಾನಾಗಿಯೇ ಉಳಿಯುತ್ತದೆ.

ಹಾಲು ಸುರಿದು ಮಕ್ಕಳ ಕೈಯಲ್ಲಿ ಹಿಟ್ಟು ತಿರುವಿಸಿದರೂ ಗುಳ್ಳೆ ಬರಲಿಲ್ಲ. "ಸೋಡಾ ಜಾಸ್ತಿ ಆದ್ರೆ ಮಜಾ ಜಾಸ್ತಿ!" ಅಂತ ಏಪ್ರನ್ನು ಇನ್ನೊಂದು ಚಮಚ ಹಾಕಿದ. ಆಮೇಲೆ ಇನ್ನೊಂದು. ಅರ್ಧ ಹಿಟ್ಟು ಓವನ್ನಿಗೆ ಹೋಯಿತು. ಬೇಯುವ ತನಕ ಮಕ್ಕಳನ್ನು ಅಣುಗಳು ಅಂತ ಹೇಳಿ ಕುಣಿಸಿದ.

ಹೊರಬಂದ ಕೇಕು ಸುಟ್ಟ ಇಟ್ಟಿಗೆಯ ಬಣ್ಣಕ್ಕಿತ್ತು, ನಡುವೆ ಹಳ್ಳ. ಮೊದಲ ತುಂಡು ಹೆಡ್‌ಮಾಸ್ಟರಿಗೆ. ಅವರು ಎರಡು ಸಲ ಅಗಿದು, ಮೂರನೆಯ ಸಲಕ್ಕೆ ಕರ್ಚೀಫು ಹುಡುಕಿದರು.

"ಏನ್ರೀ ಇದು, ಬಟ್ಟೆ ಸೋಪು!"

"ಓವನ್ ಸರಿ ಇಲ್ಲ ಸರ್. ಹಿಟ್ಟೂ ಹಳೇದು. ಈ ಮಕ್ಳೂ ಸರಿಯಾಗಿ ತಿರುವ್ಲಿಲ್ಲ, ಅದ್ರಲ್ಲೂ ಆ ಹುಡುಗಿ," ಅಂತ ಏಪ್ರನ್ನು ಎರಡು ಜಡೆಯವಳ ಕಡೆ ಬೆರಳು ತೋರಿಸಿದ.

ಅವಳು ಮಿಸ್ಸಿನ ಕ್ಲಾಸಿನಲ್ಲಿ ಯಾವತ್ತೂ ಹತ್ತಕ್ಕೆ ಎರಡು ದಾಟದವಳು. ಆದರೆ ಬಾಯಿ ಮಾತ್ರ ಹತ್ತಕ್ಕೆ ಹತ್ತು. "ನೀವು ಹೇಳಿದಷ್ಟೇ ತಿರುವಿದೀನಿ ಸಾರ್. ಸೋಪಿನ ರುಚಿ ಯಾಕೆ ಬಂತು, ಅದ್ ಹೇಳಿ."

"ಅದು... ಏನೇ ಆಗ್ಲಿ, ಮಜಾ ಬಂತಲ್ವಾ ಪುಟ್ಟಾ?"

ಹುಡುಗಿ ತಿರುಗಿ ಕೊನೆಯ ಬೆಂಚು ನೋಡಿದಳು. "ಮಿಸ್, ನೀವ್ ಹೇಳಿ. ಯಾಕೆ?"

ಇಪ್ಪತ್ತೆರಡು ವರ್ಷದಲ್ಲಿ ಮಕ್ಕಳು ಮಿಸ್ಸನ್ನು ಕೇಳಿದ್ದು ಒಂದೇ ಪ್ರಶ್ನೆ: ಇದು ಪರೀಕ್ಷೆಗೆ ಬರತ್ತಾ ಮಿಸ್? 'ಯಾಕೆ' ಅಂತ ಯಾರೂ ಕೇಳಿರಲಿಲ್ಲ. ಈಗ ಬಾಯಿ ಬಿಟ್ಟರೆ ಆ ದರಿದ್ರ ಕೇಕೇ ಪಾಠವಾಗುತ್ತದೆ, ಏಪ್ರನ್ನಿನ ಮಾನ ಉಳಿಯುತ್ತದೆ, ಬೀಗದ ಕೈ ಹೋದರೂ ಹೋಯಿತು. ಇದೆಲ್ಲ ಗೊತ್ತಿತ್ತು. ಆದರೆ ಹಾಳು ನಾಲಗೆ, ಕೇಳಿದ ಮೇಲೆ ಸುಮ್ಮನಿರಬೇಕಲ್ಲ!

ಎದ್ದು ಬಂದರು. ಕೇಕಿನ ತುಂಡೊಂದನ್ನು ನೀರಿಗೆ ಹಾಕಿ ಕಲಕಿ, ಪರ್ಸಿನಿಂದ ಕೆಂಪು ಲಿಟ್ಮಸ್ ಕಾಗದ ತೆಗೆದು ಅದ್ದಿದರು. ಕಾಗದ ನೀಲಿಯಾಯಿತು.

"ನೋಡು. ಹುಳಿ ಸಿಗದ ಸೋಡಾ ಓವನ್ನಿನ ಬಿಸೀಗೆ ಬಟ್ಟೆ ಸೋಡಾ ಆಗಿದೆ. ಅಷ್ಟೇ. ನೀನು ತಿರುವಿದ್ದು ಸರೀನೇ ಇದೆ. ಹೋಗು, ಅಡುಗೆಮನೆಯಿಂದ ನಿಂಬೆಹಣ್ಣು ತಗೊಂಡ್ ಬಾ. ಓಡು!"

ಉಳಿದ ಹಿಟ್ಟಿಗೆ ಹುಡುಗಿ ನಿಂಬೆ ಹಿಂಡಿದಳು. ಒಂದು, ಎರಡು, ಮೂರು. ಹಿಟ್ಟು ಬುಸ್ಸೆಂದು ಉಬ್ಬಿತು. ಮಕ್ಕಳು ನೋಡಲು ಮೇಜಿಗೆ ಮುಗಿಬಿದ್ದರು.

"ಬಾಯಿ ಬಿಟ್ಕೊಂಡು ನಿಲ್ಬೇಡಿ, ಗ್ಯಾಸು ನಿಮಗೋಸ್ಕರ ಕಾಯಲ್ಲ. ಓವನ್ನಿಗೆ ಹಾಕಿ!"

ಹೆಡ್‌ಮಾಸ್ಟರು ಸಿಡುಕಿದರು. "ಗೊತ್ತಿದ್ರೆ ಮೊದಲೇ ಯಾಕ್ರೀ ಹೇಳ್ಲಿಲ್ಲ?"

"ನೀವೇ ಅಲ್ವಾ ಸರ್ ಹೇಳಿದ್ದು, ಹುಳಿ ಹಿಂಡ್ಬೇಡಿ ಅಂತ?"

ಎರಡನೆಯ ಕೇಕು ಇಳಿಸುವ ಹೊತ್ತಿಗೆ ಏಪ್ರನ್ನು ತನ್ನ ಗಂಟುಮೂಟೆ ಕಟ್ಟಿಯಾಗಿತ್ತು. ಹೆಡ್‌ಮಾಸ್ಟರು ಎರಡು ತುಂಡು ತಿಂದು, ಬಾಯಿ ಒರೆಸಿಕೊಂಡು ತೀರ್ಪು ಕೊಟ್ಟರು. "ಲ್ಯಾಬು ನಿಮ್ಮದೇ ಮಿಸ್. ಆದ್ರೆ ಪ್ರತಿ ಶುಕ್ರವಾರ ಇಲ್ಲಿ ಇಂಥದ್ದೊಂದು ಕ್ಲಾಸು, ಅದೂ ನಿಮ್ಮದೇ."

ಗುಂಡಿ ತೋಡಿದವನು ಓಡಿಹೋದ, ಬಿದ್ದವರು ಮಿಸ್ಸು. ಅವರ ಮುಖ ನಿಂಬೆಹಣ್ಣು ಕಚ್ಚಿದ ಹಾಗಾಯಿತು. "ನಾನು ಆಮ್ಲಪ್ಪನ ಮದ್ವೆ ಮಾಡ್ಸಲ್ಲ. ಏಪ್ರನ್ನೂ ಹಾಕ್ಕೊಳ್ಳಲ್ಲ. ತಿನ್ನೋಕೆ ಮುಂಚೆ ಎಲ್ರೂ ಸಮೀಕರಣ ಬರೀಬೇಕು."

"ಏನ್ ಬೇಕಾದ್ರೂ ಬರೆಸಿ ತಾಯಿ."

ಎರಡು ಜಡೆಯವಳು ಒಂದು ತುಂಡು ತಂದು ಹಿಡಿದಳು. ಮಿಸ್ ಮೂಸಿದರು, ಕಚ್ಚಿದರು, ತುಂಬಾ ಹೊತ್ತು ಅಗಿದರು.

"ಎಷ್ಟು ಮಿಸ್?"

"ಹತ್ತಕ್ಕೆ ಆರು." ಹುಡುಗಿಯ ಮುಖ ನೋಡಿ ಇನ್ನೊಂದು ತೊಟ್ಟು ಬಿಟ್ಟರು. "ಆರೂವರೆ. ಹೋಗು."